ಸಹಾಯ ಬೇಕು: ಡೆಬಿಯನ್ 12ರಲ್ಲಿ ಮೈಕ್ ಇಲ್ಲ, ಪೈಪ್‌ವೈರ್ ಬಿಲ್ಡ್ ಕೂಡ ಆಗ್ತಿಲ್ಲ

ನಮಸ್ಕಾರ, ಮಂಡ್ಯದಿಂದ ಬರೆಯುತ್ತಿದ್ದೇನೆ. ನಮ್ಮಜ್ಜಿ ಹಾಡುವ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಬೇಕು. ಅದಕ್ಕೇ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿದೆ.

ಮೊದಲು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ ಕಾಣುತ್ತಿತ್ತು. ಡಿಮೆಸೆಜ್ (dmesg, ಸಿಸ್ಟಂನ ಲಾಗ್) ನೋಡಿದರೆ ಎಸ್‌ಒಎಫ್ ಫರ್ಮ್‌ವೇರ್ (ಸೌಂಡ್ ಚಿಪ್‌ಗೆ ಬೇಕಾದ ಸಾಫ್ಟ್‌ವೇರ್) ಸಿಗಲಿಲ್ಲ ಅನ್ನೋ ಸಾಲು. ಡೆಬಿಯನ್‌ನ ಪ್ಯಾಕೇಜ್ ಪಟ್ಟಿಗೆ ನಾನ್-ಫ್ರೀ-ಫರ್ಮ್‌ವೇರ್ ವಿಭಾಗ ಸೇರಿಸಿ, ಫರ್ಮ್‌ವೇರ್-ಸೋಫ್-ಸೈನ್ಡ್ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದೆ. ಸ್ಪೀಕರ್ ಬಂತು. ಮೈಕ್ ಮಾತ್ರ ಬರಲಿಲ್ಲ, ಅಲ್ಸಾಮಿಕ್ಸರ್‌ನಲ್ಲಿ (ವಾಲ್ಯೂಮ್ ಹೊಂದಿಸುವ ಟೂಲ್) ಮ್ಯೂಟ್ ಕೂಡ ಆಗಿಲ್ಲ.

ಇಲ್ಲಿರುವ ಪೈಪ್‌ವೈರ್ (ಸೌಂಡ್ ನೋಡಿಕೊಳ್ಳುವ ಸಾಫ್ಟ್‌ವೇರ್) 0.3.65 ಹಳೆಯದಾಯ್ತು ಅಂತ ಹೊಸದನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲು ಹೋದೆ. ಬಿಲ್ಡ್ ಟೂಲ್ ಆದ ಮೆಸನ್ ‘ಅಲ್ಸಾ (ಲಿನಕ್ಸ್‌ನ ಸೌಂಡ್ ಲೈಬ್ರರಿ) ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಅಲ್ಸಾದ ಡೆವ್ ಪ್ಯಾಕೇಜ್ ಲಿಬ್‌ಅಸೌಂಡ್2-ಡೆವ್ ಇದೆ, ಲೈಬ್ರರಿ ಹುಡುಕುವ ಪಿಕೆಜಿ-ಕಾನ್ಫಿಗ್ ಕೇಳಿದರೆ ಅಲ್ಸಾ 1.2.8 ಅಂತಲೂ ಹೇಳುತ್ತದೆ. ಮತ್ತೆ ಮೆಸನ್‌ಗೆ ಯಾಕೆ ಕಾಣಲ್ಲ? ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಬೇಕಾ? ಬಿಲ್ಡ್ ಬಿಟ್ಟು ಬ್ಯಾಕ್‌ಪೋರ್ಟ್ಸ್‌ನ (ಹೊಸ ಆವೃತ್ತಿಗಳು ಸಿಗುವ ಡೆಬಿಯನ್ ಸಂಗ್ರಹ) ಹೊಸ ಕರ್ನಲ್ (ಸಿಸ್ಟಂನ ತಿರುಳು) ಹಾಕಿದರೆ ಮೈಕ್ ಬರಬಹುದಾ?

ಅಜ್ಜಿಗೆ ಜಾಸ್ತಿ ಹೊತ್ತು ಕೂರಲಾಗಲ್ಲ, ಭಾನುವಾರ ಹಾಡ್ತೀನಿ ಅಂದಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ, ಪೂರ್ತಿ ಲಾಗ್ ಹಾಕುತ್ತೇನೆ.