ಸಹಾಯ ಬೇಕು: ವಯಸ್ಸಾದವರೊಂದಿಗೆ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಭೇಟಿ

ಸದಸ್ಯರೆಲ್ಲರಿಗೂ ನಮಸ್ಕಾರ. ಮಂಡಿನೋವಿರುವ ನಮ್ಮ ತಾಯಿಯವರೊಂದಿಗೆ ಮಂಗಳೂರಿನಿಂದ ರೈಲಿನಲ್ಲಿ ಎರ್ನಾಕುಲಂಗೆ ಹೋಗಿ, ಕೊಚ್ಚಿಯ ಹಳೆಯ ಕಟ್ಟಡಗಳನ್ನು ಅವಸರವಿಲ್ಲದೆ ನೋಡಬೇಕೆಂದಿದ್ದೇವೆ. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚು, ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸರಿಗೆ ಒಪ್ಪಿಸಿದ್ದರೂ ಮುಂದೆ ದುರಸ್ತಿ ಮಾಡಿಸಿದ ಡಚ್ಚರ ಹೆಸರಿನಿಂದಲೇ ಕರೆಯಲಾಗುವ ಮಟ್ಟಾಂಚೇರಿ ಅರಮನೆ, ಅದರ ಸಮೀಪದಲ್ಲೇ ಇರುವ 1568ರ ಪರದೇಶಿ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ನಮ್ಮ ಪಟ್ಟಿಯಲ್ಲಿವೆ. ಅರಮನೆಯ ರಾಮಾಯಣದ ಭಿತ್ತಿಚಿತ್ರಗಳನ್ನು ನೋಡುವುದೇ ತಾಯಿಯವರ ಮುಖ್ಯ ಆಸೆಯಾಗಿರುವುದರಿಂದ ಹೆಚ್ಚಿನ ಸಮಯ ಅಲ್ಲಿಗೇ ಮೀಸಲು. ಚೀನೀ ಮೀನುಬಲೆಗಳನ್ನು ಕಡಲ ದಂಡೆಯಲ್ಲಿ ನಿಂತೇ ನೋಡಬಹುದಷ್ಟೆ. ಅರಮನೆಗೆ ಶುಕ್ರವಾರವೂ ಸಿನಗಾಗ್‌ಗೆ ಶನಿವಾರವೂ ರಜೆಯಾದ್ದರಿಂದ ವಾರದ ಮಧ್ಯದ ದಿನಗಳನ್ನು ಆರಿಸಿಕೊಂಡಿದ್ದೇವೆ.

ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು: ಹೈಕೋರ್ಟ್ ನಿಲ್ದಾಣದಿಂದ ಹೊರಡುವ ವಾಟರ್ ಮೆಟ್ರೋ ದೋಣಿ ಮತ್ತು ಎರ್ನಾಕುಲಂ ಜೆಟ್ಟಿಯ ಹಳೆಯ ಸರ್ಕಾರಿ ದೋಣಿ, ಇವೆರಡರಲ್ಲಿ ಮೆಟ್ಟಿಲು ಹತ್ತಲು ಕಷ್ಟಪಡುವವರಿಗೆ ಯಾವುದು ಅನುಕೂಲ? ಅರಮನೆಯ ಮೇಲಂತಸ್ತಿಗೆ ಹೋಗುವ ಮೆಟ್ಟಿಲುಗಳು ಎಷ್ಟು ಕಡಿದಾಗಿವೆ? ಚರ್ಚಿನಿಂದ ಮಟ್ಟಾಂಚೇರಿಗೆ ಆಟೋದವರು ಸಾಮಾನ್ಯವಾಗಿ ಎಷ್ಟು ಕೇಳುತ್ತಾರೆ, ನಾವು ನೋಡಿ ಬರುವವರೆಗೆ ಕಾಯಲು ಒಪ್ಪುತ್ತಾರೆಯೇ? ಹತ್ತಿರದಲ್ಲಿ ನೆಲಮಹಡಿಯ ಕೋಣೆಯಿರುವ, ಸಸ್ಯಾಹಾರ ದೊರೆಯುವ ವಸತಿಗೃಹವನ್ನು ಸೂಚಿಸಿದರೆ ಉಪಕಾರವಾಗುತ್ತದೆ.