ಕಲ್ಚರ್ ರಿಪೋರ್ಟ್ ಬಂದ್ಮೇಲೆ ಇಂಜೆಕ್ಷನ್ ಯಾಕೆ ಬದಲಾಯಿಸಿದ್ರು?

ನಮ್ಮಪ್ಪಂಗೆ 72 ವರ್ಷ, ಚಳಿ ಜ್ವರ ಅಂತ ಸೋಮವಾರ ರಾತ್ರಿ ಅಡ್ಮಿಟ್ ಮಾಡಿದ್ವಿ, ಯೂರಿನ್ ಇನ್ಫೆಕ್ಷನ್ ರಕ್ತಕ್ಕೆ ಹೋಗಿದೆ ಅಂದ್ರು. ಕಲ್ಚರ್ ಅಂದ್ರೆ ಕೀಟಾಣು ಬೆಳೆಸಿ ನೋಡೋ ಟೆಸ್ಟಿಗೆ ಎರಡೂ ಕೈಯಿಂದ ರಕ್ತ ತೆಗೆದು ಬಾಟ್ಲಿಗೆ ಹಾಕ್ಕೊಂಡು ಆಮೇಲೇ ಮೆರೋಪೆನೆಮ್ ಅನ್ನೋ ಸ್ಟ್ರಾಂಗ್ ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡಿದ್ರು. ಇವತ್ತು ಗುರುವಾರ ರಿಪೋರ್ಟ್ ಬಂತು, ಇ. ಕೋಲಿ ಅನ್ನೋ ಕೀಟಾಣು ಅಂತೆ, ಈಗ ಮೆರೋಪೆನೆಮ್ ನಿಲ್ಸಿ ಸೆಫ್ಟ್ರಿಯಾಕ್ಸೋನ್ ಅನ್ನೋ ಬೇರೆ ಆಂಟಿಬಯಾಟಿಕ್ ಕೊಡ್ತಿದಾರೆ. ಜ್ವರ ಇಳೀತಿರೋವಾಗ ಸ್ಟ್ರಾಂಗ್ ಔಷಧಿ ಬಿಡ್ಸೋದು ಸರೀನಾ? ತುಂಬಾ ಭಯ ಆಗ್ತಿದೆ.

ಲ್ಯಾಬ್ ಅಣ್ಣ: ಭಯ ಬೇಡ. ನಾನು ಮೈಕ್ರೋಬಯಾಲಜಿ ಲ್ಯಾಬಲ್ಲೇ ಕೆಲಸ ಮಾಡೋದು. ಬಾಟ್ಲಿ ಮಷೀನಲ್ಲಿ ಬೆಚ್ಚಗಿರತ್ತೆ, ಕೀಟಾಣು ಬೆಳೆದ್ರೆ ಸಿಗ್ನಲ್ ಕೊಡತ್ತೆ, ಆಗ ಒಂದು ಹನಿ ಸ್ಲೈಡ್ ಮೇಲೆ ಹಚ್ಚಿ ಗ್ರಾಂ ಸ್ಟೇನ್ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿ ವಾರ್ಡಿಗೆ ತಕ್ಷಣ ಫೋನ್ ಮಾಡ್ತೀವಿ. ಆಮೇಲೆ ಪ್ಲೇಟಲ್ಲಿ ಬೆಳೆಸಿ, ಔಷಧಿ ಇರೋ ಚಿಕ್ಕ ಚಿಕ್ಕ ಡಿಸ್ಕ್ ಇಡ್ತೀವಿ, ಮಾರನೇ ದಿನ ಡಿಸ್ಕ್ ಸುತ್ತ ಏನೂ ಬೆಳೀದೆ ಖಾಲಿ ಇರೋ ವೃತ್ತಾನ ಸ್ಕೇಲ್ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಅಳೀತೀವಿ. ಅದಕ್ಕೇ ಎರಡು ಮೂರು ದಿನ ಹಿಡಿಯೋದು. ಅಲ್ಲೀವರೆಗೂ ಯಾವ ಕೀಟಾಣು ಅಂತ ಗೊತ್ತಿರಲ್ಲ, ಅದಕ್ಕೆ ತುಂಬಾ ಥರದ ಕೀಟಾಣುಗಳ ಮೇಲೆ ಕೆಲಸ ಮಾಡೋ ಮೆರೋಪೆನೆಮ್. ರಿಪೋರ್ಟಲ್ಲಿ ಸೆಫ್ಟ್ರಿಯಾಕ್ಸೋನ್ ಮುಂದೆ ಏನಿದೆ ನೋಡಿ, ಎಸ್ ಇದ್ರೆ ಈ ಕೀಟಾಣು ಮೇಲೆ ಅದು ಕೆಲಸ ಮಾಡತ್ತೆ, ಅಷ್ಟು ಸ್ಟ್ರಾಂಗ್ ಔಷಧಿ ಬೇಕಾಗಲ್ಲ ಅಂತ ಬದಲಾಯಿಸಿರ್ತಾರೆ; ಆರ್ ಅಂದ್ರೆ ಕೆಲಸ ಮಾಡಲ್ಲ.

ಮಲೆನಾಡ ಹುಡುಗಿ: ರಕ್ತ ಮೊದ್ಲೇ ತಗೊಂಡಿದ್ದು ಪುಣ್ಯ ಕಣ್ರಿ. ನಮ್ಮತ್ತೆಗೆ ಮನೆ ಹತ್ರದ ಕ್ಲಿನಿಕ್ಕಲ್ಲಿ ಎರಡು ದಿನ ಇಂಜೆಕ್ಷನ್ ಆದ್ಮೇಲೆ ಕಲ್ಚರ್ ಕಳ್ಸಿದ್ದು, ಔಷಧಿ ಆಗ್ಲೇ ಮೈಗೆ ಹೋಗಿದ್ದಕ್ಕೋ ಏನೋ ಕೀಟಾಣು ಏನೂ ಬೆಳೀಲಿಲ್ಲ, ಯಾವ ಔಷಧಿ ಅಂತ ಕೊನೇವರೆಗೂ ಅಂದಾಜಲ್ಲೇ ನಡೀತು.

ಪ್ರಶ್ನೆ ಕೇಳಿದವರು: ನೋಡ್ದೆ ಅಣ್ಣ, ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಇನ್ನೊಂದು ಔಷಧಿ ಮುಂದೆ ಆರ್, ಸೆಫ್ಟ್ರಿಯಾಕ್ಸೋನ್ ಎಸ್. ಈಗ ಜೀವ ಬಂದಂಗಾಯ್ತು. ಅಪ್ಪ ಮಧ್ಯಾಹ್ನ ಗಂಜಿ ಕುಡಿದ್ರು.