‘ಡಾ. ವಿಂಚಿ’, ‘ದ ವಿಂಚಿ’, ‘ವಿಂಚಿಯ’: ಯಾವುದು ಸರಿ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಮಕ್ಕಳ ಪುಸ್ತಿಕೆಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಎರಡು ಕಡೆ ‘ಡಾ. ವಿಂಚಿ’ ಎಂದು ಅಚ್ಚಾಗಿದೆ. ಮೊನಾ ಲಿಸಾ ಚಿತ್ರಿಸಿದವನು ಒಂದು ಚುಕ್ಕೆಯಿಂದ ಡಾಕ್ಟರ್ ಆಗಿಬಿಟ್ಟಿದ್ದಾನೆ. ಚುಕ್ಕೆಯನ್ನು ಹೊಡೆದುಹಾಕಿದೆ, ಉಳಿದದ್ದನ್ನು ಏನು ಮಾಡುವುದು?

ಇಟಾಲಿಯನ್ನಿನ ‘ದ’ ಬಿಡಿ ಪದ. ‘ಆ ಊರಿನಿಂದ ಬಂದ’ ಎಂದು ಅದರ ಅರ್ಥ. ವಿಂಚಿ ಫ್ಲಾರೆನ್ಸಿನ ಪಶ್ಚಿಮಕ್ಕಿರುವ ಸಣ್ಣ ಊರು. ಅಲ್ಲಿ ದಂತ್ಯ ‘ದ’ಕಾರವೇ ಉಚ್ಚಾರ, ಇಂಗ್ಲಿಷಿನ ಮೂಲಕ ಬಂದದ್ದರಿಂದ ನಮ್ಮಲ್ಲಿ ‘ಡ’ ಆಯಿತು. ಎರಡೂ ಅಕ್ಷರಗಳಿರುವ ಕನ್ನಡಕ್ಕೆ ಈ ಸಾಲ ಬೇಕಿರಲಿಲ್ಲ.

ಮಗು ಹುಟ್ಟಿದಾಗ ಅಜ್ಜ ಆಂತೋನಿಯೊ ಬರೆದಿಟ್ಟ ಟಿಪ್ಪಣಿ ಉಳಿದಿದೆ: 1452ರ ಏಪ್ರಿಲ್ 15, ಶನಿವಾರ, ರಾತ್ರಿ ಮೂರನೆಯ ತಾಸಿಗೆ ತನ್ನ ಮಗ ಸೆರ್ ಪಿಯೆರೊಗೆ ಗಂಡು ಮಗು, ಹೆಸರು ಲಿಯೊನಾರ್ದೊ. ಹೆಸರೆಂದರೆ ಅಷ್ಟೇ. ‘ಸೆರ್’ ಎಂಬುದು ನೋಟರಿಗಳಿಗೆ ಸಲ್ಲುತ್ತಿದ್ದ ಗೌರವ. ಬಿರುದು ಅಪ್ಪನಿಗಿತ್ತು, ನಾವು ಮಗನಿಗೆ ಅಂಟಿಸಿದ್ದೇವೆ.

ಹಾಗಾದರೆ ‘ವಿಂಚಿ ಬರೆದ ಚಿತ್ರ’ ಎನ್ನುವುದು ತಪ್ಪಲ್ಲವೇ? ಸೊನ್ನಲಿಗೆಯ ಸಿದ್ಧರಾಮನ ವಚನವನ್ನು ‘ಸೊನ್ನಲಿಗೆ ಬರೆದ ವಚನ’ ಎಂದು ನಾವು ಯಾರೂ ಹೇಳುವುದಿಲ್ಲ. ಕಲೆಯ ಇತಿಹಾಸಕಾರರೂ ಅವನನ್ನು ಲಿಯೊನಾರ್ದೊ ಎಂದೇ ಕರೆಯುತ್ತಾರೆ. ಎದುರು ವಾದವೂ ಇದೆ: ಅಪ್ಪನೂ ಸೆರ್ ಪಿಯೆರೊ ದ ವಿಂಚಿಯೇ. ಆ ಮನೆಯವರಿಗೆ ಊರಿನ ಹೆಸರು ಮನೆತನದ ಹೆಸರಿನ ಹೊಸಿಲವರೆಗಾದರೂ ಬಂದಿತ್ತು ಎನ್ನಬಹುದು.

‘ವಿಂಚಿಯ ಲಿಯೊನಾರ್ದೊ’ ನನಗೆ ಬಹಳ ಇಷ್ಟ. ಷಷ್ಠಿಯೊಂದರಲ್ಲಿ ಕೆಲಸ ಮುಗಿಯುತ್ತದೆ, ಓದುವ ಮಗುವಿಗೆ ಅರ್ಥವೂ ಆಗುತ್ತದೆ. ಆದರೆ ಇದನ್ನೇ ನಿಯಮ ಮಾಡಲು ಹೆದರಿಕೆ. ವಾಸ್ಕೊ ದ ಗಾಮನನ್ನು ‘ಗಾಮದ ವಾಸ್ಕೊ’ ಎನ್ನುವಂತಿಲ್ಲ. ಅವನ ತಂದೆ ಎಸ್ತೆವಾಂವ್ ದ ಗಾಮ, ಅಲ್ಲಿ ಅದು ಮನೆತನದ ಹೆಸರು. ಅವನನ್ನು ‘ಗಾಮ’ ಎಂದಷ್ಟೇ ಕರೆಯುವುದು ಸರಿಯೇ.

ಜೋನ್ ಆಫ್ ಆರ್ಕ್ ಇನ್ನೂ ತೊಡಕು. ‘ಆರ್ಕಿನ ಜೋನ್’ ಎಂದು ಬರೆದರೆ ಅವಳು ಆರ್ಕ್ ಎಂಬ ಊರಿನವಳಾಗುತ್ತಾಳೆ. ಅವಳ ಊರು ದೊಂರೆಮಿ. ‘ದಾರ್ಕ್’ ತಂದೆ ಜಾಕ್‌ನ ಅಡ್ಡಹೆಸರು. 1431ರ ವಿಚಾರಣೆಯಲ್ಲಿ ಅವಳು, ಊರಿನಲ್ಲಿ ತನ್ನನ್ನು ಜಾನೆತ್ ಎನ್ನುತ್ತಿದ್ದರು, ಫ್ರಾನ್ಸಿಗೆ ಬಂದ ಮೇಲೆ ಜಾನ್ ಎಂದರು, ಅಡ್ಡಹೆಸರು ತನಗೆ ಗೊತ್ತಿಲ್ಲ ಎಂದಿದ್ದಳು. ಮುಂದೊಮ್ಮೆ, ತನ್ನ ಕಡೆ ಹೆಣ್ಣುಮಕ್ಕಳು ತಾಯಿಯ ಅಡ್ಡಹೆಸರನ್ನು ಇಟ್ಟುಕೊಳ್ಳುತ್ತಾರೆ ಎಂದೂ ಹೇಳಿದಳು. ತಾಯಿ ಇಸಬೆಲ್ ರೊಮೆ. ತನ್ನ ಹೆಸರಿನ ಬಗ್ಗೆ ಆ ಹುಡುಗಿ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಅವಳಿಗೊಂದು ಇಲ್ಲದ ಊರು ಕಟ್ಟುವುದು ನನಗೆ ಸಹಿಸದು.

ಸದ್ಯಕ್ಕೆ ಮೊದಲ ಸಲ ‘ವಿಂಚಿಯ ಲಿಯೊನಾರ್ದೊ’, ಆಮೇಲೆ ಬರೇ ‘ಲಿಯೊನಾರ್ದೊ’ ಎಂದು ತಿದ್ದಿದ್ದೇನೆ. ಪದಸೂಚಿಯಲ್ಲಿ ‘ಲ’ಕಾರಕ್ಕೆ ಸೇರಿಸಿ, ‘ವ’ಕಾರದಲ್ಲಿ ‘ಲಿಯೊನಾರ್ದೊ ನೋಡಿ’ ಎಂದು ಹಾಕಿದ್ದೇನೆ. ರೂಢಿಯಲ್ಲಿರುವ ‘ಲಿಯೊನಾರ್ಡೊ’ವನ್ನು ಬದಲಿಸಿದ್ದರಿಂದ ಮಕ್ಕಳಿಗೆ ಗೊಂದಲವಾದೀತೇ? ಶಾಲೆಯಲ್ಲಿ ಪಾಠ ಮಾಡುವವರು ದಯವಿಟ್ಟು ತಿಳಿಸಬೇಕು.